‘ಮುಂದೇನು?’ ಅಂತ ಒಂಬತ್ತನೇ ಕ್ಲಾಸಿನಲ್ಲೇ ಕೇಳೋಣ

ಕೇಳುಗರಿಗೆಲ್ಲ ನಮಸ್ಕಾರ.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಊರಿನವರೆಲ್ಲ ಕೇಳುವುದು ಎರಡೇ ಪ್ರಶ್ನೆ. ಮೊದಲು, ಎಷ್ಟು ಬಂತು? ಆಮೇಲೆ, ಮುಂದೇನು? ಮೊದಲನೆಯದಕ್ಕೆ ಮಗು ವರ್ಷಗಟ್ಟಲೆ ತಯಾರಿ ಮಾಡಿರುತ್ತದೆ. ಎರಡನೆಯದಕ್ಕೆ ಒಂದು ದಿನವೂ ಮಾಡಿರುವುದಿಲ್ಲ. ಹಾಗಾಗಿ ಅದರ ಪರವಾಗಿ ಬೇರೆಯವರು ಉತ್ತರ ಹೇಳುತ್ತಾರೆ. ಅಪ್ಪ, ಸೋದರಮಾವ, ಪಕ್ಕದ ಮನೆಯವರು, ಬಸ್‌ಸ್ಟ್ಯಾಂಡಿನಲ್ಲಿ ಕರಪತ್ರ ಹಂಚಿದ ಕಾಲೇಜಿನವರು. ಒಂದು ವಾರ ಕಳೆಯುವಷ್ಟರಲ್ಲಿ ಅರ್ಜಿ, ಫೀಸು, ಯೂನಿಫಾರಂ ಎಲ್ಲ ಮುಗಿದಿರುತ್ತದೆ.

ನಾನು ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ 26 ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಒಬ್ಬ ಹುಡುಗನ ನೆನಪು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಶಾಲೆಯಲ್ಲಿ ಮೈಕ್ ಕೆಟ್ಟರೆ, ಫ್ಯಾನ್ ನಿಂತರೆ ನಾವು ಕರೆಯುತ್ತಿದ್ದದ್ದು ಅವನನ್ನೇ. ತಂತಿ ಹಿಡಿದರೆ ಅವನ ಕೈ ತಾನಾಗಿ ಕೆಲಸ ಮಾಡುತ್ತಿತ್ತು. ಗಣಿತದಲ್ಲಿ ಮಾತ್ರ 41 ಅಂಕ ಬಂತು. ಅಪ್ಪನಿಗೆ ಮಗ ಸೈನ್ಸ್ ಓದಬೇಕು ಅನ್ನುವ ಆಸೆ. ಅಣ್ಣನ ಮಗ ತಗೊಂಡಿದ್ದ, ಇವನೂ ತಗೊಳ್ಳಲಿ ಅಂತ. ಟಿ.ಸಿ. ತಗೊಂಡು ಹೋಗಲು ಇಬ್ಬರೂ ಬಂದಾಗ ನಾನು ಅಲ್ಲೇ ಇದ್ದೆ. ಹುಡುಗ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಮನೆಯವರ ತೀರ್ಮಾನ, ನಾನ್ಯಾಕೆ ಮಧ್ಯೆ ಬರಲಿ ಅಂದುಕೊಂಡೆ. ಎರಡು ವರ್ಷ ಆದಮೇಲೆ, ಪಿಯುಸಿ ಫೇಲಾಗಿ ಮನೆಯಲ್ಲಿ ಕೂತಿದ್ದಾನೆ ಅಂತ ಗೊತ್ತಾಯಿತು. ಆಮೇಲೆ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಸೇರಿದ, ಈಗ ಚೆನ್ನಾಗಿದ್ದಾನೆ. ಆದರೆ ಆ ಎರಡು ವರ್ಷ ಅವನು ತಲೆ ತಗ್ಗಿಸಿಕೊಂಡು ಓಡಾಡಿದ. ಅವತ್ತು ನಾನು ಬಾಯಿಬಿಡಬೇಕಿತ್ತು.

ಅಂದಿನಿಂದ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ತಿಂಗಳಿಗೊಂದು ಶನಿವಾರ ಮೀಸಲಿಟ್ಟಿದ್ದೇನೆ. ನಾನು ಭಾಷಣ ಮಾಡುವುದಿಲ್ಲ. ಕೆಲಸ ಮಾಡುವವರನ್ನು ಕರೆಸುತ್ತೇನೆ. ಲೈನ್‌ಮನ್ ಬಂದಿದ್ದಾರೆ, ಆಶಾ ಕಾರ್ಯಕರ್ತೆ ಬಂದಿದ್ದಾರೆ, ಲ್ಯಾಬ್ ಟೆಕ್ನಿಷಿಯನ್, ಬಸ್ ಕಂಡಕ್ಟರ್, ಹೊಲಿಗೆ ಅಂಗಡಿಯ ಅಕ್ಕ ಬಂದಿದ್ದಾರೆ. ಮಕ್ಕಳು ಕೇಳುವ ಪ್ರಶ್ನೆಗಳನ್ನು ಮೊದಲೇ ಬರೆಸಿರುತ್ತೇನೆ. ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡ್ತೀರಿ? ಈ ಕೆಲಸಕ್ಕೆ ಹೇಗೆ ಬಂದಿರಿ? ಯಾವುದು ಕಷ್ಟ? ನಿಮ್ಮ ಮಗಳನ್ನು ಇದೇ ಕೆಲಸಕ್ಕೆ ಕಳಿಸ್ತೀರಾ? ಕೊನೆಯ ಪ್ರಶ್ನೆ ಒಬ್ಬಳು ಹುಡುಗಿ ಸೇರಿಸಿದ್ದು. ಅದಕ್ಕೆ ಬರುವಷ್ಟು ಪ್ರಾಮಾಣಿಕ ಉತ್ತರ ಇನ್ಯಾವುದಕ್ಕೂ ಬರುವುದಿಲ್ಲ.

ಲೈನ್‌ಮನ್ ಬಂದ ದಿನ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಆ ಕೆಲಸದ ಆಯ್ಕೆಗೆ ಎಸ್‌ಎಸ್‌ಎಲ್‌ಸಿ ಅಂಕ ನೋಡುತ್ತಾರೆ. ಜೊತೆಗೆ 8 ಮೀಟರ್ ಎತ್ತರದ ಕಂಬ ಹತ್ತಿ ತೋರಿಸಬೇಕು. ಮಳೆಗಾಲದ ರಾತ್ರಿ ಕರೆಂಟ್ ಹೋದಾಗ ತಾವು ಹೇಗೆ ಹೊರಡುತ್ತೇವೆ, ಲೈನ್ ಆಫ್ ಆಗಿದೆಯಾ ಅಂತ ಎಷ್ಟು ಸಲ ಖಾತ್ರಿ ಮಾಡಿಕೊಳ್ಳುತ್ತೇವೆ ಅಂತೆಲ್ಲ ಅವರು ಹೇಳಿದರು. ಮುಂದಿನ ಸೋಮವಾರ ಹಿಂದಿನ ಬೆಂಚಿನ ಇಬ್ಬರು ನನ್ನ ಹತ್ತಿರ ಬಂದು, ಟೀಚರ್, ಆ ಹಳೇ ಲೆಕ್ಕ ಇನ್ನೊಂದು ಸಲ ಹೇಳಿಕೊಡ್ತೀರಾ ಅಂದರು. ಅಂಕ ಯಾಕೆ ಬೇಕು ಅಂತ ಅವರಿಗೆ ಅವತ್ತು ಗೊತ್ತಾಗಿತ್ತು, ಅಲ್ವಾ?

ಇನ್ನು ದಾರಿಗಳ ವಿಷಯ. ಐಟಿಐ ಅಂದರೆ ಅಲ್ಲಿಗೇ ಓದು ಮುಗೀತು ಅಂದುಕೊಂಡವರು ತುಂಬಾ ಜನ. ಹಾಗೇನಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ಪಾಲಿಟೆಕ್ನಿಕ್‌ನಲ್ಲಿ ನೇರವಾಗಿ ಎರಡನೇ ವರ್ಷದ ಡಿಪ್ಲೊಮಾ ಸೇರಬಹುದು. ಡಿಪ್ಲೊಮಾ ಆದಮೇಲೆ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಹುಬ್ಬಳ್ಳಿ, ಮೈಸೂರಿನ ರೈಲ್ವೆ ವರ್ಕ್‌ಶಾಪ್‌ಗಳು ಐಟಿಐ ಆದವರನ್ನು ಅಪ್ರೆಂಟಿಸ್ ಆಗಿ ತಗೊಳ್ಳುತ್ತವೆ. ಯಂತ್ರದ ಕೆಲಸದಲ್ಲಿ ಆಸಕ್ತಿ ಇರುವವರಿಗೆ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇದೆ. 1972ರಲ್ಲಿ ಡೆನ್ಮಾರ್ಕ್ ದೇಶದ ಸಹಕಾರದಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಅದು. ಈಗ ಬೇರೆ ಬೇರೆ ಜಿಲ್ಲೆಗಳಲ್ಲೂ ಅದರ ಕೇಂದ್ರಗಳಿವೆ. ಎಸ್‌ಎಸ್‌ಎಲ್‌ಸಿ ಆದವರು ಅಲ್ಲಿ ಅಚ್ಚು, ಉಪಕರಣ ತಯಾರಿಸುವುದನ್ನು ಕಲಿಸುವ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಸೇರಬಹುದು. ಬೇಸಾಯದ ಮನೆಯ ಮಕ್ಕಳಿಗೆ ಕೃಷಿ ವಿಶ್ವವಿದ್ಯಾಲಯಗಳು ಎರಡು ವರ್ಷದ ಕೃಷಿ ಡಿಪ್ಲೊಮಾವನ್ನು ಕನ್ನಡದಲ್ಲೇ ಕಲಿಸುತ್ತವೆ.

ಪಿಯುಸಿ ತಗೊಳ್ಳುವವರಿಗೆ ಒಂದು ಮಾತು. ಯಾವ ವಿಷಯ ಬಿಟ್ಟರೆ ಯಾವ ಬಾಗಿಲು ಮುಚ್ಚುತ್ತದೆ ಅಂತ ಮೊದಲೇ ತಿಳಿದುಕೊಳ್ಳಿ. ಜೀವಶಾಸ್ತ್ರ ಬಿಟ್ಟರೆ ಬಿಎಸ್ಸಿ ಕೃಷಿ, ಪಶುವೈದ್ಯಕೀಯ ಸಿಗುವುದಿಲ್ಲ. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ. ಆರ್ಟ್ಸ್ ಅಂದರೆ ಎಲ್ಲೂ ಸೀಟು ಸಿಗದವರಿಗೆ ಅನ್ನುವ ಮಾತು ಕೇಳಿದಾಗೆಲ್ಲ ನನಗೆ ನೋವಾಗುತ್ತದೆ. ಐದು ವರ್ಷದ ಕಾನೂನು ಪದವಿಗೆ ಆರ್ಟ್ಸ್ ಓದಿದವರೂ ಹೋಗಬಹುದು. ಚಿತ್ರ, ಶಿಲ್ಪ ಕಲಿಯುವವರಿಗೆ ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ.

ಎಷ್ಟೋ ತಂದೆತಾಯಿಗೆ ತಡವಾಗಿ ಗೊತ್ತಾಗುವ ಇನ್ನೊಂದು ಸಂಗತಿ ಇದೆ. ಸಿಇಟಿ ಮೂಲಕ ಕೊಡುವ ಸೀಟುಗಳಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿ ಇದೆ. ಹತ್ತೂ ವರ್ಷ ಓದಿರಬೇಕು. ಮಗಳಿಗೆ ಒಳ್ಳೆಯದಾಗಲಿ ಅಂತ ಎಂಟನೇ ಕ್ಲಾಸಿಗೆ ಪಟ್ಟಣದ ಇಂಗ್ಲಿಷ್ ಶಾಲೆಗೆ ಸೇರಿಸಿದರೆ ಈ ಎರಡೂ ಕೈತಪ್ಪುತ್ತವೆ. ಸೇರಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಹಾಕಿ ಸೇರಿಸಿ ಅಂತಿದ್ದೇನೆ.

ಹೆಣ್ಣುಮಕ್ಕಳ ವಿಷಯದಲ್ಲಿ ನಾನು ನೋಡಿದ ತೊಡಕೇ ಬೇರೆ. ಅವರ ಮನೆಯಲ್ಲಿ ಕೋರ್ಸ್ ಯಾವುದು ಅಂತ ಕೇಳುವ ಮೊದಲು, ಸಂಜೆ ಎಷ್ಟು ಗಂಟೆಗೆ ವಾಪಸ್ ಬರ್ತಾಳೆ ಅಂತ ಕೇಳುತ್ತಾರೆ. ಅದಕ್ಕೇ ನಮ್ಮ ಕ್ಲಾಸಿನ ಗೋಡೆಯ ಮೇಲೆ ತಾಲ್ಲೂಕಿನ ನಕ್ಷೆ ಬರೆಸಿದ್ದೇವೆ. ಪ್ರತಿ ಕಾಲೇಜು, ಪಾಲಿಟೆಕ್ನಿಕ್, ಐಟಿಐ, ಹಾಸ್ಟೆಲ್ ಅದರಲ್ಲಿದೆ. ಪಕ್ಕದಲ್ಲೇ ಬಸ್ಸಿನ ಸಮಯ ಇದೆ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಹಾಗಾಗಿ ಉಳಿದದ್ದು ಸಮಯದ ಮಾತು. ಪೋಷಕರ ಸಭೆಯ ದಿನ ಎಷ್ಟೋ ತಾಯಂದಿರು ಆ ನಕ್ಷೆಯ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾರೆ.

ಮಾರ್ಗದರ್ಶನ ಶಿಕ್ಷಣದ ಭಾಗವೇ ಆಗಬೇಕು, ಪ್ರಾಥಮಿಕ ಶಾಲೆಯಿಂದಲೇ ಶುರುವಾಗಬೇಕು ಅಂತ ದೇಶದ ಶಿಕ್ಷಣ ಹೇಗಿರಬೇಕು ಅಂತ ಸಲಹೆ ಕೊಟ್ಟ 1964ರಿಂದ 66ರ ಕೊಠಾರಿ ಆಯೋಗ ಹೇಳಿತ್ತು. ಅಷ್ಟು ದಿನದಿಂದ ಗೊತ್ತಿರುವ ವಿಷಯಕ್ಕೆ ನಮ್ಮ ಟೈಮ್‌ಟೇಬಲ್‌ನಲ್ಲಿ ಇನ್ನೂ ಒಂದು ಪೀರಿಯಡ್ ಸಿಕ್ಕಿಲ್ಲ. ಅದು ಸಿಗಬೇಕು ಅಂತ ಕೇಳುತ್ತಲೇ ಇದ್ದೇನೆ.

ಒಬ್ಬಳು ಹುಡುಗಿಯ ವಿಷಯ ಹೇಳುತ್ತೇನೆ. ಅವಳ ತಮ್ಮನಿಗೆ ಕಿವಿ ಕೇಳಿಸುವುದಿಲ್ಲ. ಅವನಿಗೆ ತಪಾಸಣೆ ಮಾಡಿ ಹಿಯರಿಂಗ್ ಏಡ್ ಹಾಕಿದವರು ಏನು ಓದಿರ್ತಾರೆ ಟೀಚರ್ ಅಂತ ಒಂದು ಶನಿವಾರ ಕೇಳಿದಳು. ನನಗೂ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಹುಡುಕಿದೆವು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಸೈನ್ಸ್ ಪಿಯುಸಿ ಆದಮೇಲೆ ಅಲ್ಲಿ ನಾಲ್ಕು ವರ್ಷದ ಪದವಿ ಓದಬಹುದು. ಅದರಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ನಾಲ್ಕು ಸಾಲನ್ನು ಅವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು. ಆಗ ಅವಳು ಒಂಬತ್ತನೇ ಕ್ಲಾಸು. ಈಗ ಅದೇ ಕೋರ್ಸಿನ ಎರಡನೇ ವರ್ಷದಲ್ಲಿದ್ದಾಳೆ. ಮೊನ್ನೆ ಫೋನ್ ಮಾಡಿ, ಟೀಚರ್, ಜಾತ್ರೆಗೆ ಊರಿಗೆ ಬರ್ತಿದ್ದೀನಿ, ಮಕ್ಕಳ ಹತ್ತಿರ ನಾನೂ ಮಾತಾಡ್ಲಾ ಅಂದಳು. ಶನಿವಾರ ಬೆಳಿಗ್ಗೆ ಬಾರಮ್ಮ ಅಂದೆ. ಪ್ರಶ್ನೆಗಳನ್ನು ಮಕ್ಕಳು ಈಗಾಗಲೇ ಬರೆದಿಟ್ಟುಕೊಂಡಿದ್ದಾರೆ.

ನಮಸ್ಕಾರ.