ಒಂದೇ ದಿನ ಎರಡು ಎಲ್‌ಪಿ: ಮರಿಯಾನ್ ಫೇತ್‌ಫುಲ್ ರೆಕಾರ್ಡ್‌ಗಳನ್ನು ಕೊಳ್ಳುವ ಮುನ್ನ

[ದೃಶ್ಯ: ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಎರಡು ಹಳೆಯ ಎಲ್‌ಪಿ ಹೊದಿಕೆಗಳು]

ನಮಸ್ಕಾರ. ಈ ಎರಡೂ ಎಲ್‌ಪಿಗಳು, ಅಂದರೆ ಹಲವು ಹಾಡುಗಳಿರುವ ದೊಡ್ಡ ಗ್ರಾಮೊಫೋನ್ ತಟ್ಟೆಗಳು, ಒಬ್ಬರೇ ಗಾಯಕಿಯವು: ಬ್ರಿಟನ್ನಿನ ಮರಿಯಾನ್ ಫೇತ್‌ಫುಲ್. ಎರಡನ್ನೂ ಹೊರತಂದದ್ದು ಲಂಡನ್ನಿನ ಡೆಕ್ಕಾ ಕಂಪನಿ, ಅದೂ ಒಂದೇ ದಿನ, 1965ರ ಏಪ್ರಿಲ್ 15ರಂದು. ಕ್ರಮಸಂಖ್ಯೆಗಳೂ ಬೆನ್ನುಬೆನ್ನಿಗೆ ಇವೆ: ಎಲ್‌ಕೆ 4688 ಮತ್ತು ಎಲ್‌ಕೆ 4689. ಮೊದಲನೆಯದು ‘ಕಮ್ ಮೈ ವೇ’, ಪೂರ್ತಿ ಜಾನಪದ ಧಾಟಿಯದು. ಎರಡನೆಯದಕ್ಕೆ ಗಾಯಕಿಯ ಹೆಸರೇ ಶೀರ್ಷಿಕೆ, ಅದು ಪಾಪ್. ಹೊಸ ಗಾಯಕಿಯೊಬ್ಬರ ಮೊದಲ ಆಲ್ಬಮ್ ಯಾವುದು ಎಂದು ಕೇಳಿದರೆ ಎರಡು ಉತ್ತರ ಬರುವುದು ಅಪರೂಪ.

ಮರಿಯಾನ್ ಫೇತ್‌ಫುಲ್ ಹುಟ್ಟಿದ್ದು 1946ರ ಡಿಸೆಂಬರ್‌ನಲ್ಲಿ, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ರೆಡಿಂಗ್ ಪಟ್ಟಣದ ಕಾನ್ವೆಂಟಿನಲ್ಲಿ ಓದಿ, ಅಲ್ಲಿನ ಕಾಫಿ ಅಂಗಡಿಗಳಲ್ಲಿ ಜಾನಪದ ಗೀತೆ ಹಾಡುತ್ತಿದ್ದ ಹುಡುಗಿ. 1964ರಲ್ಲಿ ಒಂದು ಪಾರ್ಟಿಯಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ತಂಡದ ಮ್ಯಾನೇಜರ್ ಆ್ಯಂಡ್ರೂ ಲೂಗ್ ಓಲ್ಡಮ್ ಕಣ್ಣಿಗೆ ಬಿದ್ದರು. ಅದೇ ಜೂನ್‌ನಲ್ಲಿ ‘ಆ್ಯಸ್ ಟಿಯರ್ಸ್ ಗೋ ಬೈ’ ಬಿಡುಗಡೆಯಾಗಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 9ನೇ ಸ್ಥಾನಕ್ಕೆ ಏರಿತು. ಆಗ ಅವರಿಗೆ 17 ವರ್ಷ. ಆಮೇಲೆ ಕಂಪನಿಗೆ ಪಾಪ್ ಆಲ್ಬಮ್ ಬೇಕಿತ್ತು, ಅವರ ಮನಸ್ಸು ಜಾನಪದದ ಕಡೆಗಿತ್ತು. ಜಗಳ ತೀರಿದ್ದು ಎರಡನ್ನೂ ಮಾಡುವುದರಿಂದ. ತಮಾಷೆಯೆಂದರೆ ಆಲ್ಬಮ್‌ಗಳ ಪಟ್ಟಿಯಲ್ಲಿ ಜಾನಪದದ್ದು 12ನೇ ಸ್ಥಾನ ತಲುಪಿತು, ಪಾಪ್ ಆಲ್ಬಮ್ 15ಕ್ಕೆ ನಿಂತಿತು.

ಹಿಟ್ ಹಾಡು ಇರುವುದು ಪಾಪ್ ತಟ್ಟೆಯಲ್ಲಿ, ಹಾಗಾಗಿ ಸಂಗ್ರಹಕ್ಕೆ ಇಳಿಯುವವರು ಸಾಮಾನ್ಯವಾಗಿ ಅದನ್ನೇ ಮೊದಲು ಹುಡುಕುತ್ತಾರೆ. ನನ್ನ ಸಲಹೆ ಬೇರೆ: ಮೊದಲು ‘ಕಮ್ ಮೈ ವೇ’ ಕೊಳ್ಳಿ. ಪಾಪ್ ತಟ್ಟೆಯಲ್ಲಿ ವಾದ್ಯವೃಂದ ದನಿಯನ್ನು ಹೊತ್ತುಕೊಂಡು ಹೋಗುತ್ತದೆ. ಇಲ್ಲಿ ಜಾನ್ ಮಾರ್ಕ್ ಅವರ ಗಿಟಾರ್ ಪಕ್ಕದಲ್ಲಿ ದನಿ ತನ್ನ ಕಾಲ ಮೇಲೆ ತಾನೇ ನಿಂತಿದೆ. ಲೂಯಿಸ್ ಕ್ಯಾರಲ್ ಅವರ ಪ್ರಸಿದ್ಧ ಅಸಂಬದ್ಧ ಕವಿತೆಯ ವಾಚನವೂ ಇದರಲ್ಲಿದೆ. ಪಾಪ್ ತಾರೆಯೊಬ್ಬರು ಹಾಗೆ ಮಾಡುವುದಕ್ಕೆ ಸ್ವಲ್ಪ ಎದೆಗಾರಿಕೆ ಬೇಕು. ಹೊದಿಕೆಯ ಚಿತ್ರ ಗೆರೆಡ್ ಮ್ಯಾಂಕೋವಿಟ್ಜ್ ಅವರದು, ಲಂಡನ್ನಿನ ಸಾಲ್ಸ್‌ಬರಿ ಪಬ್‌ನಲ್ಲಿ ತೆಗೆದದ್ದು.

[ದೃಶ್ಯ: ತಟ್ಟೆಯ ನಡುವಿನ ಲೇಬಲ್ ಹತ್ತಿರದಿಂದ]

ಕೊಳ್ಳುವಾಗ ನೋಡಬೇಕಾದ್ದು ಇಲ್ಲಿದೆ. ಕ್ರಮಸಂಖ್ಯೆಯಲ್ಲಿ ಎಲ್‌ಕೆ ಎಂದರೆ ಮೊನೊ, ಅಂದರೆ ಎಡ ಬಲ ಎರಡೂ ಕಡೆ ಒಂದೇ ಸದ್ದು; ಎಸ್‌ಕೆಎಲ್ ಎಂದರೆ ಸ್ಟೀರಿಯೊ, ಎರಡು ಕಡೆಗೂ ಬೇರೆ ಬೇರೆ ಸದ್ದು. ಆ ಕಾಲದ ಡೆಕ್ಕಾ ಮೊನೊ ಲೇಬಲ್ ಕೆಂಪು. ಮೇಲ್ಭಾಗದ ಡೆಕ್ಕಾ ಹೆಸರಿನ ಸುತ್ತ ಚೌಕಟ್ಟು ಇಲ್ಲದಿದ್ದರೆ ಅರುವತ್ತರ ದಶಕದ ಮುದ್ರಣ; ಚೌಕಟ್ಟು ಇದ್ದರೆ ದಶಕದ ಕೊನೆಗೆ ಅಥವಾ ಆಮೇಲೆ ಒತ್ತಿದ್ದು. ನಡುವಿನ ರಂಧ್ರದ ಬಳಿ ಎರಡು ಅಕ್ಷರಗಳ ಉಬ್ಬು ಗುರುತು ಕಾಣಬಹುದು. ಅದು ಆಗಿನ ಖರೀದಿ ತೆರಿಗೆಯ ದರವನ್ನು ಹೇಳುವ ಸಂಕೇತ. ತೆರಿಗೆ ಇಲಾಖೆಯವರಿಗಾಗಿ ಒತ್ತಿದ ಗುರುತು ಇವತ್ತು ನಮಗೆ ಕಾಲ ತಿಳಿಸುತ್ತಿದೆ!

ಇನ್ನು ಹಾಡು ಮುಗಿದ ಮೇಲಿನ ಖಾಲಿ ಜಾಗ. ಬೆಳಕಿಗೆ ಓರೆಯಾಗಿ ಹಿಡಿದರೆ ಅಲ್ಲಿ ಒಂದು ಸಂಖ್ಯೆ ಕಾಣುತ್ತದೆ, ಕೊನೆಗೆ ‘1ಎ’ ಎಂಬಂಥ ಗುರುತು. ಹಾಡುಗಳನ್ನು ಮೂಲ ತಟ್ಟೆಗೆ ಎಷ್ಟನೆಯ ಸಲ ಕೊರೆದದ್ದು ಎಂದು ಅಂಕಿ ಹೇಳಿದರೆ, ಅಕ್ಷರ ಕೊರೆದ ಎಂಜಿನಿಯರ್ ಯಾರೆಂದು ಹೇಳುತ್ತದೆ. ಅದೇ ವೃತ್ತದಲ್ಲಿ ಇನ್ನೊಂದು ಪುಟ್ಟ ಅಕ್ಷರವೂ ಇರುತ್ತದೆ. ತಟ್ಟೆಗಳನ್ನು ಒತ್ತುವ ಲೋಹದ ಅಚ್ಚುಗಳನ್ನು ಎಣಿಸಲು ಡೆಕ್ಕಾದವರು ‘ಬಕಿಂಗ್‌ಹ್ಯಾಮ್’ ಎಂಬ ಪದದ ಹತ್ತು ಇಂಗ್ಲಿಷ್ ಅಕ್ಷರಗಳನ್ನು ಅಂಕಿಗಳಾಗಿ ಬಳಸುತ್ತಿದ್ದರು: ಬಿ ಅಂದರೆ 1, ಯು ಅಂದರೆ 2, ಹೀಗೆ ಸಾಗಿ ಕೊನೆಯ ಎಂ ಅಂದರೆ ಸೊನ್ನೆ. ಬಿ ಅಕ್ಷರದ ತಟ್ಟೆ, ಅಂದರೆ ಮೊದಲ ಅಚ್ಚಿನದು ಎಂದರೆ ಮಾರುವವರ ದನಿಯೇ ಬದಲಾಗುತ್ತದೆ. ಆದರೆ ಸವೆದುಹೋದ ಬಿ ತಟ್ಟೆಗಿಂತ ಶುಭ್ರವಾದ ಕೆ ತಟ್ಟೆ ಎಷ್ಟೋ ಮೇಲು.

ಸವೆತ ಈ ಗಾಯಕಿಯ ರೆಕಾರ್ಡ್‌ಗಳಲ್ಲಿ ನಿಜವಾದ ತೊಂದರೆ. 1965ರಲ್ಲಿ ಇವನ್ನು ಕೊಂಡವರು ಹದಿಹರೆಯದವರು, ನುಡಿಸಿದ್ದು ಭಾರದ ಮುಳ್ಳಿನ ಅಗ್ಗದ ಪೆಟ್ಟಿಗೆ ಪ್ಲೇಯರ್‌ಗಳಲ್ಲಿ. ಡ್ರಮ್ಸ್ ಗದ್ದಲದಲ್ಲಿ ಸವೆತ ಅಡಗಿಕೊಳ್ಳುತ್ತದೆ. ಒಂದು ದನಿ, ಒಂದು ಗಿಟಾರ್ ಇರುವಲ್ಲಿ ಒಗ್ಗರಣೆಯ ಚಟಪಟದಂತೆ ಎದ್ದು ಕೇಳುತ್ತದೆ. ಬರಿಗಣ್ಣಿಗೆ ಹೊಳೆಯುವ ತಟ್ಟೆಯೂ ಹೀಗಿರಬಹುದು. ಆದ್ದರಿಂದ ಮಾರುವವರು ನೋಡಿ ದರ್ಜೆ ಕೊಟ್ಟರೋ ಕೇಳಿ ಕೊಟ್ಟರೋ ಎಂದು ಖಂಡಿತ ವಿಚಾರಿಸಿ. ನುಡಿಸುವಾಗ ಆಂಪ್ಲಿಫೈಯರ್‌ನಲ್ಲಿ ಮೊನೊ ಗುಂಡಿ ಇದ್ದರೆ ಒತ್ತಿ. ಮೊನೊ ತಟ್ಟೆಯಲ್ಲಿ ಸಂಗೀತ ಇರುವುದು ಮುಳ್ಳಿನ ಅಡ್ಡ ಚಲನೆಯಲ್ಲಿ ಮಾತ್ರ. ಮೇಲೆ ಕೆಳಗಿನ ಚಲನೆಯಿಂದ ಬರುವುದು ದೂಳು ಮತ್ತು ಸವೆತದ ಸದ್ದು, ಆ ಗುಂಡಿ ಅದನ್ನು ತೆಗೆದುಹಾಕುತ್ತದೆ.

[ದೃಶ್ಯ: ಅಮೆರಿಕದ ಲಂಡನ್ ಲೇಬಲ್‌ನ ಎಲ್‌ಪಿ]

ಅಮೆರಿಕದ ಮುದ್ರಣಗಳು ಬೇರೆಯೇ ಕಥೆ. ಅಲ್ಲಿ ಡೆಕ್ಕಾದ ಹಾಡುಗಳು ‘ಲಂಡನ್’ ಎಂಬ ಲೇಬಲ್‌ನಲ್ಲಿ ಬರುತ್ತಿದ್ದವು, ಹಾಡುಗಳನ್ನು ಕಲಸಿ ಹೊಸ ಆಲ್ಬಮ್ ಮಾಡುತ್ತಿದ್ದರು. ‘ಗೋ ಅವೇ ಫ್ರಮ್ ಮೈ ವರ್ಲ್ಡ್’ 1965ರ ಕೊನೆಯಲ್ಲಿ ಹಾಗೆ ಬಂದದ್ದು. ಬ್ರಿಟನ್ನಿನಲ್ಲಿ 1966ರ ಏಪ್ರಿಲ್‌ನಲ್ಲಿ ಬಂದ ‘ನಾರ್ತ್ ಕಂಟ್ರಿ ಮೇಡ್’ ಆಲ್ಬಮ್ಮಿನ ಹಲವು ಹಾಡುಗಳು ಅದರಲ್ಲಿ ಮೊದಲೇ ಇವೆ. ಎರಡನ್ನೂ ಕೊಂಡರೆ ಕೆಲವು ಹಾಡುಗಳಿಗೆ ಎರಡು ಸಲ ಹಣ ಕೊಟ್ಟಂತೆ. ನಾನಾದರೆ ‘ನಾರ್ತ್ ಕಂಟ್ರಿ ಮೇಡ್’ ಸಾಕು ಎನ್ನುತ್ತೇನೆ. ಅವರ ಅರುವತ್ತರ ದಶಕದ ಶ್ರೇಷ್ಠ ಕೆಲಸ ಅದೇ. 1967ರ ‘ಲವ್ ಇನ್ ಎ ಮಿಸ್ಟ್’ ಕೈಗೆ ಸಿಕ್ಕಾಗ ನೋಡಿಕೊಂಡರಾಯಿತು.

ಕೊನೆಗೆ, ಆಲ್ಬಮ್ ಅಲ್ಲದ ಒಂದು ತಟ್ಟೆ. 1969ರ ಫೆಬ್ರುವರಿಯಲ್ಲಿ ಡೆಕ್ಕಾ ಒಂದು ಸಿಂಗಲ್ ಹೊರತಂದಿತು. ಒಂದು ಬದಿಗೆ ‘ಸಮ್‌ಥಿಂಗ್ ಬೆಟರ್’, ಇನ್ನೊಂದು ಬದಿಗೆ ‘ಸಿಸ್ಟರ್ ಮಾರ್ಫೀನ್’. ಮಾದಕದ್ರವ್ಯದ ಹೆಸರು ಕಂಡು ಕಂಪನಿ ಬೆದರಿತು, ಬ್ರಿಟನ್ನಿನ ಅಂಗಡಿಗಳಿಂದ ಅದನ್ನು ಬೇಗನೆ ಹಿಂದಕ್ಕೆ ಪಡೆಯಿತು. ಅದಕ್ಕೇ ಬ್ರಿಟಿಷ್ ಪ್ರತಿ ಅಪರೂಪ, ದುಬಾರಿ. ಆ ಲೇಬಲ್‌ನಲ್ಲಿ ‘ಸಿಸ್ಟರ್ ಮಾರ್ಫೀನ್’ ಹಾಡು ಬರೆದವರಾಗಿ ರೋಲಿಂಗ್ ಸ್ಟೋನ್ಸ್ ತಂಡದ ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಜತೆಗೆ ಫೇತ್‌ಫುಲ್ ಹೆಸರೂ ಇದೆ. 1971ರಲ್ಲಿ ರೋಲಿಂಗ್ ಸ್ಟೋನ್ಸ್ ತಮ್ಮ ‘ಸ್ಟಿಕಿ ಫಿಂಗರ್ಸ್’ ಆಲ್ಬಮ್ಮಿನಲ್ಲಿ ಅದೇ ಹಾಡನ್ನು ಕೊಟ್ಟಾಗ ಆ ಮೂರನೆಯ ಹೆಸರು ಕಾಣೆಯಾಗಿತ್ತು. ಕಾನೂನು ಹೋರಾಟದ ನಂತರ, 1994ರ ಮರುಮುದ್ರಣದಲ್ಲಿ ಅದು ವಾಪಸು ಬಂತು. ನಿಮ್ಮ ಮನೆಯಲ್ಲಿ ‘ಸ್ಟಿಕಿ ಫಿಂಗರ್ಸ್’ ಇದ್ದರೆ ಲೇಬಲ್ ನೋಡಿ, ಎಷ್ಟು ಹೆಸರುಗಳಿವೆ ಎಂದು ಕಮೆಂಟ್‌ನಲ್ಲಿ ತಿಳಿಸಿ.