ಮಾತು ಕೊನೆಗೆ

ಚಿತ್ರದುರ್ಗ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ನಾನು ಪಶುವೈದ್ಯ. ಹಸು, ಎಮ್ಮೆ, ಕುರಿಗಳ ಬಗ್ಗೆ ನೀವು ರೇಡಿಯೋದಲ್ಲಿ ಬೇಕಾದಷ್ಟು ಕೇಳಿರುತ್ತೀರಿ. ಇವತ್ತು ನಾಯಿಯ ಬಗ್ಗೆ ಮಾತಾಡುತ್ತೇನೆ. ರೋಗದ ಬಗ್ಗೆ ಅಲ್ಲ, ಕಲಿಕೆಯ ಬಗ್ಗೆ. ನಾಯಿ ತನ್ನ ಪಾಡಿಗೆ ತಾನು ಮಾಡುವ ಕೆಲಸವನ್ನು, ನಾವು ಹೇಳಿದಾಗ ಮಾಡುವ ಹಾಗೆ ಕಲಿಸುವುದು ಹೇಗೆ? ಇಷ್ಟೇ ವಿಷಯ.

"ನಾಯಿ ಹೇಳಿದ ಮಾತು ಕೇಳಲ್ಲ ಡಾಕ್ಟ್ರೇ" ಅನ್ನುವ ದೂರು ನನಗೆ ಹೊಸದಲ್ಲ. ದಾವಣಗೆರೆಯಲ್ಲಿ ಲ್ಯಾಬ್ರಡಾರ್ ಸಾಕಿದವರೂ ಹೇಳುತ್ತಾರೆ, ಚಳ್ಳಕೆರೆ ಕಡೆ ಕುರಿಹಟ್ಟಿಯಲ್ಲಿ ನಾಟಿ ನಾಯಿ ಸಾಕಿದವರೂ ಹೇಳುತ್ತಾರೆ. ಹೇಗೆ ಹೇಳಿದಿರಿ, ಸ್ವಲ್ಪ ತೋರಿಸಿ ಅನ್ನುತ್ತೇನೆ. ನಾಯಿಯ ಎದುರು ನಿಂತು "ಸಿಟ್, ಸಿಟ್, ಸಿಟ್" ಎಂದು ಕೂಗುತ್ತಾರೆ. ಕೂರದಿದ್ದರೆ ಸೊಂಟದ ಮೇಲೆ ಕೈಯಿಟ್ಟು ಒತ್ತುತ್ತಾರೆ. ಆಗಲೂ ಕೂರದಿದ್ದರೆ ಕೊರಳ ಚೈನು ಹಿಡಿದು ಜಗ್ಗುತ್ತಾರೆ. ಆ ಶಬ್ದಕ್ಕೆ ಏನು ಮಾಡಬೇಕು ಅಂತ ಅದಕ್ಕೆ ಯಾರೂ ತಿಳಿಸಿಲ್ಲ. ಜೋರಾಗಿ ಕೂಗಿದರೆ ತಿಳಿಯುತ್ತದಾ? ಪಾಪ, ಅದು ಏನು ಮಾಡಬೇಕು ಹೇಳಿ.

ಇವತ್ತು ನನ್ನ ಮಾತಿನಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳಿ. ಮಾತು ಕೊನೆಗೆ. ಮೊದಲು ನಾಯಿ ಕೆಲಸ ಮಾಡಲಿ. ಮಾಡಿದ ಆ ಗಳಿಗೆಗೆ ಗುರುತು ಹಾಕಿ. ತುತ್ತು ಕೊಡಿ. ಇದು ಗಟ್ಟಿಯಾದ ಮೇಲೆ ಮಾತು ಸೇರಿಸಿ.

ಒಂದು ಉದಾಹರಣೆ ತಗೊಳ್ಳೋಣ. ಮಲಗಿದ್ದ ನಾಯಿ ಎದ್ದ ಕೂಡಲೇ ಏನು ಮಾಡುತ್ತದೆ? ಮೈಮುರಿಯುತ್ತದೆ. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಎದೆಯನ್ನು ನೆಲದ ಹತ್ತಿರ ತಂದು, ಹಿಂಭಾಗವನ್ನು ಮೇಲೆತ್ತುತ್ತದೆ. ನೋಡುವುದಕ್ಕೆ ಥೇಟ್ ನಮಸ್ಕಾರ ಮಾಡಿದ ಹಾಗೇ ಇರುತ್ತದೆ. ಇದನ್ನು ಯಾರೂ ಅದಕ್ಕೆ ಕಲಿಸಿಲ್ಲ. ದಿನಕ್ಕೆ ಎಷ್ಟೋ ಸಲ ಪುಕ್ಕಟೆ ಮಾಡುತ್ತದೆ. ನೀವು "ನಮಸ್ಕಾರ" ಅಂದಾಗ ಅದು ಹೀಗೆ ಬಾಗಬೇಕು ಅಂತ ಇಟ್ಟುಕೊಳ್ಳಿ.

ಮೊದಲ ಕೆಲಸ, ಗುರುತಿನ ಶಬ್ದ. ನಾನು "ಭೇಷ್" ಅನ್ನುವುದನ್ನು ಬಳಸುತ್ತೇನೆ. ಚಿಕ್ಕದು, ಥಟ್ಟನೆ ಬಾಯಿಗೆ ಬರುತ್ತದೆ. ಪೇಟೆಯಲ್ಲಿ ಟಿಕ್ ಟಿಕ್ ಎನ್ನುವ ಕ್ಲಿಕ್ಕರ್ ಸಿಗುತ್ತದೆ, ಬೇಕಿದ್ದರೆ ತನ್ನಿ. ಇಲ್ಲದಿದ್ದರೆ ನಷ್ಟವೇನಿಲ್ಲ, ಬಾಯಿ ಇದೆಯಲ್ಲ. "ಭೇಷ್" ಅನ್ನಿ, ಒಂದು ಚೂರು ಬೇಯಿಸಿದ ಮೊಟ್ಟೆ ಕೊಡಿ. ಮತ್ತೆ "ಭೇಷ್", ಮತ್ತೆ ಒಂದು ಚೂರು. ಸ್ವಲ್ಪ ಹೊತ್ತಿಗೆ ಆ ಶಬ್ದ ಕಿವಿಗೆ ಬಿದ್ದ ತಕ್ಷಣ ನಾಯಿ ನಿಮ್ಮ ಕೈ ನೋಡುತ್ತದೆ. ಅಲ್ಲಿಗೆ ಆ ಶಬ್ದಕ್ಕೆ ಬೆಲೆ ಬಂತು ಅಂತ ಅರ್ಥ.

ಆಮೇಲೆ ಕಾಯಿರಿ. ಚೂರುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಕೈಗೆಟಕುವ ಜಾಗದಲ್ಲಿ ಇಡಿ. ನಾಯಿ ಎದ್ದು ಮೈಮುರಿಯಿತಾ? ಮುರಿಯುತ್ತಿರುವಾಗಲೇ "ಭೇಷ್". ಕೂಡಲೇ ತುತ್ತು. ಒಂದು ಸೆಕೆಂಡ್ ತಡ ಮಾಡಿದಿರೋ, ಅದು ಮೈಮುರಿದು ಮುಗಿಸಿ ಮೈ ಕೊಡವುತ್ತಿರುತ್ತದೆ. ಆಗ ಭೇಷ್ ಅಂದರೆ, ಮೈ ಕೊಡವಿದ್ದಕ್ಕೆ ಮೊಟ್ಟೆ ಸಿಕ್ಕಿತು ಅಂದುಕೊಳ್ಳುತ್ತದೆ. ಅದಕ್ಕೇ ಗುರುತಿನ ಶಬ್ದ ಬೇಕು. ತುತ್ತು ಕೈಯಿಂದ ಬಾಯಿಗೆ ಹೋಗುವುದು ಎರಡು ಗಳಿಗೆ ತಡವಾದರೂ ಪರವಾಗಿಲ್ಲ, ಶಬ್ದ ಮಾತ್ರ ತಡವಾಗಬಾರದು.

ಈ ಹಂತದಲ್ಲಿ "ನಮಸ್ಕಾರ" ಅನ್ನಬೇಡಿ. ದಯವಿಟ್ಟು ಅನ್ನಬೇಡಿ. ಇಲ್ಲೇ ಎಲ್ಲರಿಗೂ ಅವಸರ. ಕೆಲವು ದಿನ ಬಿಟ್ಟರೆ ನಾಯಿ ನಿಮ್ಮ ಮುಂದೆ ಬಂದು, ನಿದ್ದೆ ಮಾಡಿ ಎದ್ದಿಲ್ಲದಿದ್ದರೂ, ಬೇಕಂತಲೇ ಬಾಗಿ ನಿಮ್ಮ ಮುಖ ನೋಡುತ್ತದೆ. ಅದು ಲೆಕ್ಕ ಹಾಕಿದೆ. ಹೀಗೆ ಮಾಡಿದರೆ ಮೊಟ್ಟೆ ಬರುತ್ತದೆ ಅಂತ ಅದಕ್ಕೆ ಗೊತ್ತಾಗಿದೆ. ಆಗ ಮಾತು ತನ್ನಿ. ಅದು ಬಾಗಲು ಹೊರಟಿತು ಅಂತ ಕಂಡಾಗ, ಒಂದು ಕ್ಷಣ ಮೊದಲು, ಮೆತ್ತಗೆ "ನಮಸ್ಕಾರ" ಅನ್ನಿ. ಬಾಗಿತು, ಭೇಷ್, ತುತ್ತು. ಹೀಗೆ ಕೆಲವು ದಿನ. ಕೊನೆಗೆ, ನೀವು ಹೇಳಿದಾಗ ಬಾಗಿದರೆ ಮಾತ್ರ ತುತ್ತು. ಹೇಳದೆ ಬಾಗಿದರೆ ನಕ್ಕು ಸುಮ್ಮನಿರಿ, ಕೊಡಬೇಡಿ. ಆಗಲೇ ಆ ಮಾತಿಗೆ ಅರ್ಥ ಬರುವುದು.

ಇದು ನಾನು ಕಂಡುಹಿಡಿದದ್ದಲ್ಲ. ಅಮೆರಿಕದ ಥಾರ್ನ್‌ಡೈಕ್ ಎಂಬುವರು ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಪರೀಕ್ಷೆ ಮಾಡಿ, 1898ರಲ್ಲೇ ಬರೆದಿದ್ದಾರೆ. ಯಾವ ಕೆಲಸದಿಂದ ಒಳ್ಳೆಯದಾಯಿತೋ ಪ್ರಾಣಿ ಆ ಕೆಲಸವನ್ನು ಮತ್ತೆ ಮಾಡುತ್ತದೆ. ಮುಂದೆ ಸ್ಕಿನ್ನರ್ ಎಂಬ ಮನೋವಿಜ್ಞಾನಿ ಇದನ್ನು ಬೆಳೆಸಿದರು. 1960ರ ದಶಕದಲ್ಲಿ ಹವಾಯಿ ದ್ವೀಪದ ಸೀ ಲೈಫ್ ಪಾರ್ಕಿನಲ್ಲಿ ಕರೆನ್ ಪ್ರಯರ್ ಎಂಬ ಹೆಣ್ಣುಮಗಳು ಡಾಲ್ಫಿನ್‌ಗಳಿಗೆ ಹೀಗೇ ಕಲಿಸಿದರು. ಸ್ವಲ್ಪ ಯೋಚನೆ ಮಾಡಿ. ಡಾಲ್ಫಿನ್ ನೀರಿನಲ್ಲಿದೆ. ಅದರ ಕೊರಳಿಗೆ ಚೈನು ಹಾಕುವ ಹಾಗಿಲ್ಲ, ಸೊಂಟ ಒತ್ತುವ ಹಾಗಿಲ್ಲ, ಬೈದರೆ ಈಜಿಕೊಂಡು ಆಚೆ ಹೋಗುತ್ತದೆ. ಅವರ ಹತ್ತಿರ ಇದ್ದದ್ದು ಒಂದು ಸೀಟಿ, ಒಂದು ಬಕೆಟ್ ಮೀನು. ಅಷ್ಟರಲ್ಲೇ ಅದು ಕಲಿಯಿತು. ಪಕ್ಕದಲ್ಲೇ ಬಾಲ ಅಲ್ಲಾಡಿಸುತ್ತಾ ನಿಂತಿರುವ ನಾಯಿಗೆ ನಮಗೆ ಕೋಲು ಬೇಕಾ?

ಈಗ ದಾವಣಗೆರೆಯ ಒಬ್ಬ ಮೇಷ್ಟ್ರ ಕಥೆ ಹೇಳಲೇಬೇಕು. ಸಭ್ಯರು ಮುಖ ಸಿಂಡರಿಸಬಾರದು, ಇದು ನಾಯಿ ಒಂದಕ್ಕೆ ಹೋಗುವ ವಿಷಯ. ನಾಯಿ ಸಾಕಿದವರಿಗೆ ಇದಕ್ಕಿಂತ ದೊಡ್ಡ ವಿಷಯ ಯಾವುದಿದೆ?

ವಿದ್ಯಾನಗರದ ಕಡೆ ಅವರ ಮನೆ. ನಿವೃತ್ತರು, ಮಂಡಿ ನೋವು. ಅವರ ನಾಯಿ ಕೆಂಚ, ಬೀದಿಯಿಂದ ಎತ್ತಿಕೊಂಡು ಬಂದು ಸಾಕಿದ ನಾಟಿ ನಾಯಿ, ಬಹಳ ಚುರುಕು. ಬೆಳಗಿನ ಜಾವ ಮೇಷ್ಟ್ರು ಅದನ್ನು ಹೊರಗೆ ಕರೆದುಕೊಂಡು ಹೋಗುತ್ತಾರೆ. ಅದು ಪ್ರತಿ ಲೈಟ್ ಕಂಬ ಮೂಸುತ್ತದೆ, ಪ್ರತಿ ಗೇಟು ಮೂಸುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಇವರು "ಬೇಗ ಮಾಡೋ, ಬೇಗ ಮಾಡೋ" ಅಂತ ಗದರುತ್ತಾ ಇಡೀ ಬಡಾವಣೆ ಸುತ್ತುತ್ತಾರೆ. ಕೊನೆಗೆ ಅದು ಕಾಲೆತ್ತಿತು ಅನ್ನಿ, "ಸದ್ಯ ಮುಗೀತು" ಅಂತ ಆ ನಿಮಿಷವೇ ಮನೆಗೆ ತಿರುಗುತ್ತಾರೆ. ದಿನದಿಂದ ದಿನಕ್ಕೆ ಸುತ್ತಾಟ ಉದ್ದವಾಯಿತು. "ಕಿಡ್ನಿಗೆ ಏನೋ ಆಗಿದೆ, ನೋಡಿ" ಅಂತ ನನ್ನ ಹತ್ತಿರ ಕರೆತಂದರು.

ಕಿಡ್ನಿಗೆ ಏನೂ ಆಗಿರಲಿಲ್ಲ. ಕೆಂಚನ ಬುದ್ಧಿ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಅಷ್ಟೇ. ಒಂದಕ್ಕೆ ಹೋದ ಕೂಡಲೇ ವಾಕಿಂಗ್ ಮುಗಿಯುತ್ತದೆ. ಹೊರಗಿನ ಗಾಳಿ, ವಾಸನೆ ಎಲ್ಲ ಬಂದ್. ಮತ್ತೆ ಕಾಂಪೌಂಡ್ ಒಳಗೆ. ಹಾಗಿದ್ದ ಮೇಲೆ ಅದು ಯಾಕೆ ಬೇಗ ಹೋಗಬೇಕು? ತಡೆದುಕೊಂಡಷ್ಟೂ ಲಾಭ. ಮೇಷ್ಟ್ರೇ ತಮಗೆ ಗೊತ್ತಿಲ್ಲದೆ ಅದನ್ನು ಕಲಿಸಿದ್ದರು.

ನಾನು ಹೇಳಿದೆ, "ಮೇಷ್ಟ್ರೇ, ನಾಳೆಯಿಂದ ನಡೆಯುವುದು ಬೇಡ. ನಿಮ್ಮ ಮನೆ ತಿರುವಿನಲ್ಲಿ ಬೇವಿನ ಮರ ಇದೆಯಲ್ಲ, ಅಲ್ಲಿ ನಿಂತುಬಿಡಿ. ಹಗ್ಗ ಸಡಿಲ ಇರಲಿ. ಏನೂ ಮಾತಾಡಬೇಡಿ. ಅದು ಒಂದಕ್ಕೆ ಹೋಗಿ ಮುಗಿಸಿದ ಮೇಲೆ ಭೇಷ್ ಅನ್ನಿ, ಮೊಟ್ಟೆ ಚೂರು ಕೊಡಿ. ವಾಕಿಂಗ್ ಶುರುವಾಗುವುದೇ ಆಮೇಲೆ."

"ಅದು ಮಾಡೋ ತನಕ ನಾನು ಬಾಯಿ ಮುಚ್ಕೊಂಡು ನಿಲ್ಲಬೇಕಾ ಡಾಕ್ಟ್ರೇ?"

"ಹೌದು ಮೇಷ್ಟ್ರೇ. ಮಾತು ಕೊನೆಗೆ."

ಅವರ ಮನೆಯವರು ಪಕ್ಕದಲ್ಲೇ ಕೂತಿದ್ದರು. "ಅದು ಮಾತ್ರ ಇವರ ಕೈಲಿ ಆಗಲ್ಲ, ನಾನೇ ನಿಲ್ತೀನಿ ಬಿಡಿ" ಅಂದರು. ಮರುದಿನದಿಂದ ಅಮ್ಮಾವ್ರೇ ಬೇವಿನ ಮರದ ಕೆಳಗೆ. ಮೊದಮೊದಲು ಕೆಂಚ ಜಗ್ಗಿತು, ಕುಂಯ್‌ಗುಟ್ಟಿತು, ಇವರು ಕದಲಲಿಲ್ಲ. ಬೆಳಗಿನ ಹೊತ್ತು ಮೂತ್ರ ತುಂಬಿರುತ್ತದೆ, ಎಷ್ಟು ಹೊತ್ತು ತಡೆಯುತ್ತದೆ? ಮರಕ್ಕೆ ಕಾಲೆತ್ತಿತು. ಮುಗಿಸಿತು. ಭೇಷ್, ಮೊಟ್ಟೆ, ಆಮೇಲೆ ಇಡೀ ಬೀದಿ ಅದರದ್ದೇ. ಕೆಲವೇ ದಿನದಲ್ಲಿ ಕೆಂಚ ಗೇಟು ದಾಟಿದ್ದೇ ನೇರ ಮರಕ್ಕೆ ಹೋಗತೊಡಗಿತು.

ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನವಿಟ್ಟು ಕೇಳಿ. ಮೈಮುರಿಯುವಾಗ ನಡುವೆಯೇ ಭೇಷ್ ಅನ್ನಬೇಕು ಅಂದೆ. ಇದಕ್ಕೆ ಹಾಗಲ್ಲ. ನಡುವೆ ಅಂದರೆ ಮೊಟ್ಟೆಯ ಆಸೆಗೆ ಅರ್ಧಕ್ಕೆ ನಿಲ್ಲಿಸಿ ಓಡಿ ಬರುತ್ತದೆ, ಉಳಿದದ್ದನ್ನು ನಿಮ್ಮ ಹಾಲ್‌ನಲ್ಲಿ ಮುಗಿಸುತ್ತದೆ. ಪೂರ್ತಿ ಮುಗಿಯಲಿ, ಕಾಲು ಕೆಳಗಿಡಲಿ, ಆಗ ಭೇಷ್.

ಅಷ್ಟು ಗಟ್ಟಿಯಾದ ಮೇಲೆ ಅಮ್ಮಾವ್ರು ಮಾತು ಸೇರಿಸಿದರು. ಕೆಂಚ ಮರದ ಬುಡ ಮೂಸಿ, ಒಂದು ಸುತ್ತು ಹಾಕಿ, ಇನ್ನೇನು ಕಾಲೆತ್ತಬೇಕು ಅನ್ನುವಾಗ, ಮೆಲ್ಲಗೆ "ಒಂದಕ್ಕೆ". ಜೋರಾಗಿ ಅಲ್ಲ, ಪಕ್ಕದವರಿಗೂ ಕೇಳಿಸದ ಹಾಗೆ. ಮಾತು ಮತ್ತು ಕೆಲಸ ಹೀಗೆ ಜೊತೆಗೂಡಿದವು. ಆಮೇಲೆ ಜಾಗ ಬದಲಿಸಿದರು. ಮರದ ಹತ್ತಿರ ಕಲಿತದ್ದು ಮರದ ಹತ್ತಿರ ಮಾತ್ರ ಅಂತ ನಾಯಿ ತಿಳಿದಿರುತ್ತದೆ. ಬೇರೆ ಬೀದಿ, ಪಾರ್ಕಿನ ಅಂಚು, ಖಾಲಿ ಸೈಟು, ಎಲ್ಲ ಕಡೆ ಅದೇ ಮಾತು, ಅದೇ ಭೇಷ್, ಅದೇ ಮೊಟ್ಟೆ.

ಮಳೆಗಾಲ ಬಂತು. ಮೇಷ್ಟ್ರು ಛತ್ರಿ ಹಿಡಿದು ಗೇಟಿನ ಹೊರಗೆ ನಿಂತು "ಒಂದಕ್ಕೆ" ಅಂದರೆ ಸಾಕು, ಎರಡು ನಿಮಿಷದಲ್ಲಿ ಒಳಗೆ. ಆಮೇಲೆ ಬೆಂಗಳೂರಿಗೆ ಮಗಳ ಮನೆಗೆ ಹೊರಟರು, ಕಾರಿನಲ್ಲಿ ಕೆಂಚನೂ ಇತ್ತು. ಹಿರಿಯೂರು ದಾಟಿದ ಮೇಲೆ ಹೆದ್ದಾರಿ ಪಕ್ಕ ಸುರಕ್ಷಿತ ಜಾಗ ನೋಡಿ ನಿಲ್ಲಿಸಿದರು. ಲಾರಿಗಳ ಸದ್ದು, ಗೊತ್ತಿಲ್ಲದ ಊರು, ಗೊತ್ತಿಲ್ಲದ ವಾಸನೆ. "ಒಂದಕ್ಕೆ" ಅಂದರು. ಕೆಂಚ ಒಂದು ಜಾಲಿ ಗಿಡ ಹುಡುಕಿ ಕೆಲಸ ಮುಗಿಸಿ ಬಂದು ಕಾರು ಹತ್ತಿತು. ಮಗಳದ್ದು ಅಪಾರ್ಟ್‌ಮೆಂಟ್, ಏಳನೇ ಮಹಡಿ. ಅಲ್ಲೂ ಒಂದು ಹನಿ ಒಳಗೆ ಬೀಳಲಿಲ್ಲವಂತೆ. ಮೇಷ್ಟ್ರು ಅಲ್ಲಿಂದಲೇ ನನಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದರು. ಅವರ ದನಿಯಲ್ಲಿದ್ದ ಖುಷಿ ನನಗೆ ಈಗಲೂ ಕಿವಿಯಲ್ಲಿದೆ.

ಇದರಲ್ಲಿ ವಿಚಿತ್ರವೇನೂ ಇಲ್ಲ. ಇಂಗ್ಲೆಂಡಿನಲ್ಲಿ ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳಿಗೂ ಇದನ್ನು ಕಲಿಸುತ್ತಾರೆ. ಆಫೀಸಿಗೆ ಹೋಗುವ ಮುಂಚೆ, ರೈಲು ಹತ್ತುವ ಮುಂಚೆ, ಒಂದು ಮಾತು ಹೇಳಿದರೆ ಅವು ಕೆಲಸ ಮುಗಿಸಿಕೊಳ್ಳುತ್ತವೆ. ಅಲ್ಲಿಯ ನಾಯಿ ಕಲಿಯುತ್ತದೆ, ನಮ್ಮ ವಿದ್ಯಾನಗರದ ನಾಟಿ ನಾಯಿಯೂ ಕಲಿಯುತ್ತದೆ. ಜಾತಿ ನಾಯಿಯೇ ಬೇಕು ಅನ್ನುವವರಿಗೆ ನಾನು ಕೆಂಚನ ಹೆಸರು ಹೇಳುತ್ತೇನೆ.

ಸಮಯ ಆಗುತ್ತಾ ಬಂತು ಅಂತ ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ತುತ್ತಿನ ವಿಷಯ. ಶೇಂಗಾ ಬೀಜದಷ್ಟು ಚಿಕ್ಕ ಚೂರು ಸಾಕು. ಬೇಯಿಸಿದ ಮೊಟ್ಟೆ, ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿ ಒಳ್ಳೆಯದು. ಅಷ್ಟು ಕೊಟ್ಟ ದಿನ ಊಟದಲ್ಲಿ ಅಷ್ಟು ಕಡಿಮೆ ಮಾಡಿ. ಸಂಜೆ ನೀವು ತಿನ್ನುವ ಒಗ್ಗರಣೆ ಮಂಡಕ್ಕಿಯನ್ನು ಕೊಡಬೇಡಿ. ಅದರಲ್ಲಿ ಈರುಳ್ಳಿ ಇದೆ, ಈರುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ.

ಮುಧೋಳ ನಾಯಿ ಸಾಕಿದವರಿಗೆ ಒಂದು ಮಾತು. ನಮ್ಮ ಕರ್ನಾಟಕದ ಹೆಮ್ಮೆಯ ತಳಿ ಅದು, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದಿದೆ. ಕಣ್ಣಿನಿಂದ ಬೇಟೆ ಹುಡುಕಿ ಓಡುವ ನಾಯಿ. ಗದರಿದರೆ ಮುದುಡಿಕೊಳ್ಳುತ್ತದೆ, ಆಮೇಲೆ ಏನೂ ಕಲಿಯುವುದಿಲ್ಲ. ಇದಕ್ಕಂತೂ ಕಾಯುವ ದಾರಿಯೇ ಸರಿ. ಅದು ಮೈಮುರಿಯುವುದು ನೋಡಲು ಎಷ್ಟು ಚಂದ ಅಂತ ಸಾಕಿದವರಿಗೇ ಗೊತ್ತು.

ಮಕ್ಕಳು ಕೇಳುತ್ತಿದ್ದರೆ, ನೀವೇ ಇದನ್ನು ಚೆನ್ನಾಗಿ ಮಾಡುತ್ತೀರಿ. ದೊಡ್ಡವರಿಗಿಂತ ನಿಮ್ಮ ಕಣ್ಣು ಚುರುಕು. ಆಕಳಿಸುವುದು, ತಲೆ ವಾರೆ ಮಾಡುವುದು, ಚಾಪೆಯ ಮೇಲೆ ಹೋಗಿ ಮಲಗುವುದು, ಯಾವುದನ್ನು ಬೇಕಾದರೂ ಆರಿಸಿಕೊಳ್ಳಿ. ಒಂದು ಸಲಕ್ಕೆ ಒಂದೇ. ನಿಮ್ಮ ಮನೆಯ ನಾಯಿಗೆ ಮಾತ್ರ, ಬೀದಿಯಲ್ಲಿ ಗೊತ್ತಿಲ್ಲದ ನಾಯಿಯ ಹತ್ತಿರ ಹೋಗಬೇಡಿ. ಮನೆಯ ನಾಯಿಗೆ ರೇಬೀಸ್ ಲಸಿಕೆ ಹಾಕಿಸಿದ್ದಾರಾ ಅಂತ ಅಪ್ಪ ಅಮ್ಮನನ್ನು ಇವತ್ತೇ ಕೇಳಿ.

ಬೊಗಳುವುದರ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದನ್ನೂ ಹೀಗೇ ಹಿಡಿಯಬಹುದು. ಕಾಲಿಂಗ್ ಬೆಲ್ ಆದಾಗ ಬೊಗಳುತ್ತದಲ್ಲ, ಆಗ ಭೇಷ್, ತುತ್ತು. ಗಟ್ಟಿಯಾದ ಮೇಲೆ ಬೆಲ್‌ಗೆ ಮುಂಚೆ "ಮಾತಾಡು" ಅನ್ನಿ. ಆಮೇಲೆ ಹೇಳದೆ ಬೊಗಳಿದ್ದಕ್ಕೆ ಏನೂ ಇಲ್ಲ. ಬೊಗಳಿ ನಿಲ್ಲಿಸಿದಾಗಿನ ಮೌನಕ್ಕೂ ಭೇಷ್ ಅನ್ನಿ, ತುತ್ತು ಕೊಡಿ, ಅದು ಗಟ್ಟಿಯಾದ ಮೇಲೆ "ಸಾಕು" ಅನ್ನುವ ಮಾತು ಸೇರಿಸಿ. ಆ ಮೌನ ಒಂದೇ ಉಸಿರಿನಷ್ಟು ಚಿಕ್ಕದಾಗಿದ್ದರೂ ಬಿಡಬೇಡಿ, ಅದಕ್ಕೇ ಗುರುತು ಹಾಕಿ. ದಿನ ಕಳೆದ ಹಾಗೆ ಅದನ್ನು ಸ್ವಲ್ಪ ಸ್ವಲ್ಪ ಉದ್ದ ಮಾಡಿಕೊಳ್ಳಿ. ಹತ್ತಿರದ ಪಶು ಆಸ್ಪತ್ರೆಗೆ ಬಂದಾಗ ನಾಯಿಯನ್ನೂ, ಮೊಟ್ಟೆಯ ಡಬ್ಬಿಯನ್ನೂ ತನ್ನಿ. ನಮಸ್ಕಾರ.