ಹಿಂದಕ್ಕೆ ಬಾರದ ಹುಲ್ಲಿನ ಬೀಜ

ಎಲ್ಲರಿಗೂ ನಮಸ್ಕಾರ.

ಮಾತಿಗೆ ಮೊದಲು ಒಂದು ಸಣ್ಣ ಆಟ. ನನ್ನ ಕೈಯಲ್ಲಿರುವುದು ಒಣಗಿದ ಹುಲ್ಲಿನ ತೆನೆ. ಮೀಸೆ ಇರುವ ಜಾತಿಯದು. ಚಿಕ್ಕವರಿದ್ದಾಗ ನಿಮ್ಮಲ್ಲಿ ಹಲವರು ಇದನ್ನು ಗೆಳೆಯರ ಅಂಗಿಯ ತೋಳಿನೊಳಗೆ ತೂರಿಸಿ ತಮಾಷೆ ನೋಡಿರುತ್ತೀರಿ, ಅಲ್ವಾ? ಈಗ ನನ್ನ ತೋಳಿನೊಳಗೇ ಇಟ್ಟುಕೊಳ್ಳುತ್ತೇನೆ. ಮಣಿಕಟ್ಟಿನ ಹತ್ತಿರ, ಕಾಂಡದ ತುದಿ ಮೇಲೆ, ಮೀಸೆ ಕೆಳಗೆ. ಇನ್ನು ನಾನೇನೂ ಮಾಡುವುದಿಲ್ಲ. ಮಾತಾಡುವಾಗ ಕೈ ಆಡಿಸುವ ಅಭ್ಯಾಸ ನನಗೆ ಹೇಗೂ ಇದೆ. ಕೊನೆಯಲ್ಲಿ ಅದು ಎಲ್ಲಿಗೆ ಬಂದಿರುತ್ತದೆ ನೋಡೋಣ.

ಬೇಸಿಗೆಯಲ್ಲಿ ನಾಯಿಯನ್ನು ಹೊರಗೆ ಕರೆದೊಯ್ಯುವಾಗ ನಮಗೆ ಬಿಸಿಲಿನ ಚಿಂತೆ. ಕಾದ ರಸ್ತೆಯ ಚಿಂತೆ, ನೀರಿನ ಚಿಂತೆ. ಅದೆಲ್ಲ ಸರಿಯೇ. ಆದರೆ ದಾರಿಬದಿಯಲ್ಲಿ ಮೊಣಕಾಲೆತ್ತರ ಬೆಳೆದು ಒಣಗಿ ನಿಂತ ಹುಲ್ಲನ್ನು ನೋಡಿ ಯಾರೂ ಹೆದರುವುದಿಲ್ಲ. ನಾನೂ ಹೆದರುತ್ತಿರಲಿಲ್ಲ.

ಹುಲ್ಲು ಹಸಿರಾಗಿದ್ದಾಗ ಬೀಜ ತೆನೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಒಣಗಿದ ಮೇಲೆ ಸುಮ್ನೆ ತಾಗಿದರೂ ಸಾಕು, ಕಳಚಿಕೊಳ್ಳುತ್ತದೆ. ಕಾಡು ಬಾರ್ಲಿ, ಕಾಡು ಓಟ್ಸ್‌ನಂಥ ಹುಲ್ಲುಗಳ ಬೀಜವನ್ನು ಒಮ್ಮೆ ಭೂತಗನ್ನಡಿಯಲ್ಲಿ ನೋಡಿ. ಮುಂದೆ ಸೂಜಿಯಂಥ ಮೊನೆ, ಹಿಂದೆ ಉದ್ದನೆಯ ಮೀಸೆ. ಆ ಮೀಸೆಯ ತುಂಬ ಗರಗಸದ ಹಲ್ಲಿನಂಥ ಸಣ್ಣ ಮುಳ್ಳುಗಳು, ಎಲ್ಲವೂ ಒಂದೇ ಕಡೆಗೆ ಬಾಗಿದಂಥವು. ಮುಂದೆ ತಳ್ಳಿದರೆ ಜಾರುತ್ತದೆ, ಹಿಂದೆ ಎಳೆದರೆ ಕಚ್ಚಿಕೊಳ್ಳುತ್ತದೆ. ಮೀನಿನ ಗಾಳದ ಹಾಗೆ.

ಇದು ನಾಯಿಗೆ ತೊಂದರೆ ಕೊಡಲೆಂದು ಹುಲ್ಲು ಮಾಡಿಕೊಂಡ ಏರ್ಪಾಡಲ್ಲ. ಬೀಜ ಮಣ್ಣಿನೊಳಗೆ ಇಳಿಯಬೇಕಲ್ಲ, ಅದಕ್ಕೆ. ಕಾಡುಗೋಧಿಯ ಬೀಜಕ್ಕೆ ಎರಡು ಮೀಸೆ. ಹಗಲಿನ ಒಣಹವೆಗೆ ಅವು ಹೊರಕ್ಕೆ ಬಾಗುತ್ತವೆ, ರಾತ್ರಿಯ ತೇವಕ್ಕೆ ಮತ್ತೆ ನೆಟ್ಟಗಾಗುತ್ತವೆ. ಹೀಗೆ ದಿನಕ್ಕೊಮ್ಮೆ ಕಾಲು ಬಡಿದ ಹಾಗೆ ಬೀಜವನ್ನು ನೆಲಕ್ಕೆ ಒತ್ತುತ್ತವೆ. ಎಂಜಿನ್ ಇಲ್ಲ, ಸ್ನಾಯು ಇಲ್ಲ, ಆದರೂ ನಡೆಯುತ್ತದೆ! ನಾಯಿಯ ಮೈಮೇಲೆ ಬಿದ್ದರೆ ಕೆಲಸ ಇನ್ನೂ ಸುಲಭ. ನಾಯಿ ಹೆಜ್ಜೆ ಹಾಕಿದಂತೆಲ್ಲ, ಮೈ ಅಲ್ಲಾಡಿದಂತೆಲ್ಲ ಅದು ಮುಂದೆ ಮುಂದೆ ಹೋಗುತ್ತದೆ.

ನಾಯಿ ಜೊತೆ ಸುತ್ತಾಡಿ ಬಂದು ಅಂಟಿದ ಬೀಜಗಳಿಂದ ಲಾಭ ಮಾಡಿಕೊಂಡವರೂ ಇದ್ದಾರೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ 1941ರಲ್ಲಿ ನಾಯಿಯ ತುಪ್ಪಳಕ್ಕೆ ಅಂಟಿದ ಮುಳ್ಳುಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದರಿಂದಲೇ ವೆಲ್ಕ್ರೋ ಹುಟ್ಟಿತು. ಆದರೆ ಆ ಮುಳ್ಳುಕಾಯಿ ಒಂದು ಥರ ಪ್ರಾಮಾಣಿಕ. ಹೊರಗೇ ಅಂಟಿಕೊಂಡು ಕಣ್ಣಿಗೆ ಕಾಣುತ್ತದೆ. ನಾನು ಹೇಳುತ್ತಿರುವ ಬೀಜ ಹಾಗಲ್ಲ. ಅದು ಒಳಗೆ ಹೋಗುವ ಜಾತಿ.

ನಮ್ಮ ಮನೆಯ ಚಿನ್ನಿಯ ಕಥೆ ಹೇಳುತ್ತೇನೆ. ಕಾಕರ್ ಸ್ಪೇನಿಯಲ್. ಉದ್ದ ಕಿವಿ, ಕಾಲಿನ ತುಂಬ ಕೂದಲು. ಅಂದರೆ ಈ ಬೀಜಗಳಿಗೆ ಹೇಳಿ ಮಾಡಿಸಿದ ನಾಯಿ. ಒಂದು ಸಂಜೆ ಮುಂಗಾಲನ್ನು ನೆಕ್ಕುತ್ತಾ ಕೂತಿತು. ಇರುವೆ ಕಚ್ಚಿರಬೇಕು ಅಂದುಕೊಂಡೆ. ಮಾರನೇ ದಿನವೂ ನೆಕ್ಕುತ್ತಿತ್ತು. ಬೆರಳಸಂದು ಕೆಂಪಾಗಿತ್ತು, ಮುಲಾಮು ಹಚ್ಚಿದೆ. ಮೂರನೇ ದಿನಕ್ಕೆ ಅಲ್ಲೊಂದು ಗುಳ್ಳೆ, ದ್ರಾಕ್ಷಿಹಣ್ಣಿನಷ್ಟು. ಒಡೆದು ಕೀವು ಬಂತು. ಹೋಯಿತಲ್ಲ ಎಂದು ಸಮಾಧಾನ ಪಟ್ಟೆ. ಗಾಯ ಮುಚ್ಚಿತು. ಎರಡು ವಾರ ಕಳೆದ ಮೇಲೆ ಮತ್ತೆ ಬಾವು. ಈ ಸಲ ಸ್ವಲ್ಪ ಮೇಲಕ್ಕೆ.

ಆ 'ಸ್ವಲ್ಪ ಮೇಲಕ್ಕೆ' ಎನ್ನುವುದರ ಅರ್ಥ ನನಗೆ ಆಗ ಹೊಳೆಯಲಿಲ್ಲ. ಪಶುವೈದ್ಯರು ನೋಡಿದ ತಕ್ಷಣ ಹೇಳಿದರು, ಒಳಗೆ ಏನೋ ನಡೆಯುತ್ತಿದೆ ಎಂದು. ನಡೆಯುತ್ತಿದೆ ಅಂದರೆ ನಿಜವಾಗಿ ನಡೆಯುತ್ತಿದೆ! ಅರಿವಳಿಕೆ ಕೊಟ್ಟು, ಸೀಳಿ, ಇಕ್ಕಳದಲ್ಲಿ ಹೊರತೆಗೆದರು. ಒಂದು ಅಕ್ಕಿಕಾಳಿನಷ್ಟು ಉದ್ದ. ಕೀವಿನಲ್ಲಿ ನೆಂದಿತ್ತು, ಆದರೆ ಒಂದಿಷ್ಟೂ ಕರಗಿರಲಿಲ್ಲ. ಮೈ ಅದನ್ನು ಅರಗಿಸಿಕೊಳ್ಳುವುದಿಲ್ಲ. ಮಾತ್ರೆ ನುಂಗಿಸಿದಷ್ಟು ದಿನ ಬಾವು ಇಳಿಯುತ್ತದೆ, ನಿಲ್ಲಿಸಿದರೆ ಮತ್ತೆ ಏಳುತ್ತದೆ. ಬೀಜ ಹೊರಬರುವವರೆಗೂ ಇದೇ ಪಾಡು. ಇನ್ನೊಂದು ಫಜೀತಿ ಏನೆಂದರೆ ಮಾಮೂಲಿ ಎಕ್ಸ್‌ರೇಯಲ್ಲಿ ಅದು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಹುಲ್ಲೂ ಮಾಂಸವೂ ಅದಕ್ಕೆ ಹೆಚ್ಚುಕಮ್ಮಿ ಒಂದೇ. ಅಲ್ಟ್ರಾಸೌಂಡ್, ಸಿಟಿ ಸ್ಕ್ಯಾನ್ ಎಂದು ಹುಡುಕಬೇಕಾಗುತ್ತದೆ, ಆಗಲೂ ಸಿಗದೆ ಹೋಗಬಹುದು.

ಕಾಲಿನದು ಇಷ್ಟಾಯಿತು. ಮೂಗಿನೊಳಗೆ ಹೋದರೆ ಗೊತ್ತಾಗದೆ ಇರುವುದಿಲ್ಲ. ಹುಲ್ಲು ಮೂಸುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಸೀನಲು ಶುರು ಮಾಡುತ್ತದೆ. ಒಂದೆರಡಲ್ಲ, ಸಾಲಾಗಿ ಹತ್ತಿಪ್ಪತ್ತು. ತಲೆ ಕೊಡವುತ್ತದೆ, ಮೂಗನ್ನು ನೆಲಕ್ಕೆ ಉಜ್ಜುತ್ತದೆ, ಒಂದೇ ಹೊಳ್ಳೆಯಿಂದ ರಕ್ತವೂ ಬರಬಹುದು. ಸ್ವಲ್ಪ ಹೊತ್ತಿಗೆ ಸೀನು ನಿಂತರೆ, ಹೋಯಿತು ಬಿಡು ಅನ್ನಬೇಡಿ. ಬೀಜ ಇನ್ನೂ ಒಳಗೆ ಸರಿದಿದ್ದರೂ ಸೀನು ನಿಲ್ಲುತ್ತದೆ. ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿದ ಬೀಜ ಅಲ್ಲಿಂದ ತೂರಿಕೊಂಡು ಸೊಂಟದ ಹತ್ತಿರದ ಮಾಂಸಖಂಡದಲ್ಲಿ ಬಾವು ಎಬ್ಬಿಸಿದ ಪ್ರಕರಣಗಳನ್ನು ಪಶುವೈದ್ಯರು ಕಂಡಿದ್ದಾರೆ.

ಕಿವಿಯ ವಿಷಯ ಬೇರೆ. ನಾಯಿಯ ಕಿವಿಯ ಕೊಳವೆ ನಮ್ಮದರ ಹಾಗಲ್ಲ. ಮೊದಲು ನೇರ ಕೆಳಗೆ ಇಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ಬಾವಿಗೆ ಸುರಂಗ ಕೊರೆದಂತೆ. ಬೀಜ ಆ ತಿರುವು ದಾಟಿದರೆ ಹೊರಗಿನಿಂದ ಏನೂ ಕಾಣದು. ನಾಯಿ ಮಾತ್ರ ತಲೆಯನ್ನು ಒಂದು ಕಡೆ ವಾಲಿಸಿಕೊಂಡು ಕೊಡವುತ್ತಲೇ ಇರುತ್ತದೆ. ಆಗ ಮನೆಯಲ್ಲಿರುವ ಕಿವಿ ಔಷಧಿ ಹುಯ್ಯಬೇಡಿ. ಕಿವಿತಮಟೆ ಹರಿದಿದ್ದರೆ ಆ ಔಷಧಿಯೇ ಹಾನಿ ಮಾಡಬಹುದು. ಹತ್ತಿಕಡ್ಡಿ ಹಾಕಿದರೆ ಬೀಜವನ್ನು ನಾವೇ ಒಳಗೆ ತಳ್ಳಿದ ಹಾಗೆ. ಕಣ್ಣಾದರೆ, ರೆಪ್ಪೆ ಮುಚ್ಚಿಕೊಂಡು ನೀರು ಸುರಿಸುತ್ತಿದ್ದರೆ, ಅದೇ ದಿನ ಡಾಕ್ಟರ ಹತ್ತಿರ ಹೋಗಿ. ನಾಯಿಗೆ ಒಳಮೂಲೆಯಲ್ಲಿ ಮೂರನೇ ರೆಪ್ಪೆ ಒಂದಿದೆ. ಬೀಜ ಅದರ ಹಿಂದೆ ಅಡಗಿ, ಮಿಟುಕಿಸಿದಾಗಲೆಲ್ಲ ಕಣ್ಣುಗುಡ್ಡೆಯನ್ನು ಗೀರುತ್ತದೆ.

ಹಾಗಾದರೆ ವಾಕಿಂಗ್ ಬಿಡಬೇಕಾ? ಖಂಡಿತ ಬೇಡ. ಹುಲ್ಲು ಒಣಗಿ ತೆನೆ ಉದುರುವ ತಿಂಗಳುಗಳಲ್ಲಿ ದಾರಿ ಬದಲಿಸಿ. ಕತ್ತರಿಸಿದ ಹುಲ್ಲು, ಮಣ್ಣಿನ ಹಾದಿ, ನೆರಳಿನ ಜಾಗ ಆಗಬಹುದು. ಬದಿಯಲ್ಲಿ ಒಣಹುಲ್ಲು ಇದ್ದರೆ ಹಗ್ಗ ಗಿಡ್ಡ ಹಿಡಿಯಿರಿ. ಅಂಗಳದ ಹುಲ್ಲನ್ನು ತೆನೆ ಬರುವ ಮೊದಲೇ ಕತ್ತರಿಸಿ. ತೆನೆ ಒಣಗಿದ ಮೇಲೆ ಕತ್ತರಿಸಿದರೆ ಬೀಜವನ್ನು ಅಂಗಳದ ತುಂಬ ಚೆಲ್ಲಿದ ಹಾಗೆ. ಬೆರಳಸಂದಿನ ಕೂದಲು, ಕಿವಿಯ ಅಡಿಯ ಕೂದಲು ಚಿಕ್ಕದಾಗಿ ಕತ್ತರಿಸಿಡಿ. ಬೂಟು, ತಲೆಗೆ ಹಾಕುವ ಬಲೆಯ ಮುಸುಕು ಕೂಡ ಸಿಗುತ್ತವೆ. ಚಿನ್ನಿಗೆ ಬೂಟು ಹಾಕಿದೆ. ಅಂಟಿನ ಮೇಲೆ ಕಾಲಿಟ್ಟವರ ಹಾಗೆ ಒಂದೊಂದೇ ಕಾಲು ಎತ್ತಿ ಎತ್ತಿ ನಿಂತಿತು. ಅಲ್ಲಿಗೆ ಆ ಪ್ರಯೋಗ ಮುಗಿಯಿತು. ನಿಮ್ಮ ನಾಯಿ ಒಪ್ಪಿದರೆ ಹಾಕಿ.

ಇದೆಲ್ಲಕ್ಕಿಂತ ನನಗೆ ನಂಬಿಕೆ ಇರುವುದು ಬಾಗಿಲಿನ ಹತ್ತಿರದ ಐದು ನಿಮಿಷದ ಮೇಲೆ. ಮನೆಗೆ ಬಂದ ತಕ್ಷಣ, ಒಳಗೆ ಹೋಗುವ ಮೊದಲು. ನಾಲ್ಕೂ ಕಾಲಿನ ಪ್ರತಿ ಬೆರಳನ್ನೂ ಅಗಲಿಸಿ, ಮೇಲಿನಿಂದ ಒಮ್ಮೆ, ಮೆತ್ತೆಗಳ ನಡುವೆ ಒಮ್ಮೆ. ಕಿವಿ ಎತ್ತಿ ಒಳಗೆ, ಅಂಚಿಗೆ, ಅಡಿಗೆ. ಕಂಕುಳು, ತೊಡೆಸಂದು, ಬಾಲದ ಕೆಳಗೆ, ಮೂತ್ರದ ಜಾಗ. ಇದು ಕಣ್ಣಿನ ಕೆಲಸವಲ್ಲ, ಬೆರಳಿನ ಕೆಲಸ. ಕಂದು ಕೂದಲಿನಲ್ಲಿ ಕಂದು ಬೀಜ ಕಾಣುವುದಿಲ್ಲ, ಕೈಗೆ ಮಾತ್ರ ಚುರುಕ್ ಎನ್ನುತ್ತದೆ. ಆಮೇಲೆ ಬಾಚಣಿಗೆ ಆಡಿಸಿ. ಮೊದಲ ವಾರ ನಾಯಿ ಕೊಸರಾಡುತ್ತದೆ. ಆಮೇಲೆ ತಾನೇ ಕಾಲು ಮುಂದೆ ಮಾಡುತ್ತದೆ, ಒಂದು ಬಿಸ್ಕತ್ತಿನ ಆಸೆಗೆ.

ಬೀಜ ಚರ್ಮಕ್ಕೆ ಈಗಷ್ಟೇ ಚುಚ್ಚಿಕೊಂಡಿದ್ದು, ಬಹುಪಾಲು ಹೊರಗೇ ಇದ್ದರೆ, ಚಿಮುಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನಿಧಾನಕ್ಕೆ, ನೇರವಾಗಿ ಎಳೆಯಿರಿ. ಮೊನೆ ಮುರಿದಿಲ್ಲ ತಾನೇ ಎಂದು ನೋಡಿ. ಚರ್ಮದ ಒಳಗೆ ಹೋಗಿದ್ದರೆ ಕೆದಕಬೇಡಿ. ಡಾಕ್ಟರ ಹತ್ತಿರ ಹೋಗುವಾಗ 'ಒಣಹುಲ್ಲಲ್ಲಿ ಓಡಾಡಿತ್ತು' ಎಂದು ನೀವೇ ಹೇಳಿ. ಅವರ ಅರ್ಧ ಹುಡುಕಾಟ ಉಳಿಯುತ್ತದೆ.

ಸರಿ, ಈಗ ನನ್ನ ತೋಳು. ಮಣಿಕಟ್ಟಲ್ಲಿ ಇಲ್ಲ. ಮೊಣಕೈ... ಇಲ್ಲ. ಹಾಂ, ಇಲ್ಲಿ, ಭುಜದ ಹತ್ತಿರ ಚುಚ್ಚುತ್ತಿದೆ. ಬಂದ ದಾರಿಯಲ್ಲೇ ಎಳೆಯಲು ನೋಡುತ್ತೇನೆ. ಇಲ್ಲ, ಬಟ್ಟೆ ಕಚ್ಚಿಕೊಂಡು ಬಿಡ್ತು. ಯಾರಾದರೂ ಬಂದು ಕಾಲರಿನ ಕಡೆಯಿಂದ ಸ್ವಲ್ಪ ತೆಗೆಯುತ್ತೀರಾ?